ಹಿಮ ಮೊದಲು ಕರಗುವ ಇಳಿಜಾರು: ದ್ರಾಕ್ಷಿ, ವೈನ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಇಟಲಿಯ ಬಾರ್ಬರೆಸ್ಕೊ ಊರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಎರಡು ಸುಗ್ಗಿ, ಒಂದು ಚಳಿಗಾಲ ಅಲ್ಲಿನ ಒಂದು ರೈತ ಕುಟುಂಬದ ಜೊತೆ ಇದ್ದು ಕೆಲಸ ಕಲಿತಿದ್ದೆ ಅಂತ ಅದರಲ್ಲಿ ಹೇಳಿದ್ದೆ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಆ ಊರಿಗೇ ಮೀಸಲು.

ಪ್ರಶ್ನೆ: ನನ್ನ ಮಗ ಇಟಲಿಯಿಂದ ಬರುವಾಗ ಒಂದು ಬಾಟಲಿ ಕೆಂಪು ವೈನ್ ತಂದಿದ್ದಾನೆ. ಮುಂದಿನ ಚೀಟಿಯಲ್ಲಿ ‘ಬಾರ್ಬರೆಸ್ಕೊ ರಿಸೆರ್ವಾ’, ಜೊತೆಗೆ ‘ಮೊಂತೆಸ್ತೆಫಾನೊ’ ಅಂತಿದೆ. ಹಿಂದಿನ ಚೀಟಿಯಲ್ಲಿ ಕೆಲವು ಜನರ ಹೆಸರುಗಳಿವೆ. ಇವರೆಲ್ಲ ಯಾರು? ಕಂಪನಿಯ ಮಾಲೀಕರೇ?
– ಒಬ್ಬ ಓದುಗರು, ಧಾರವಾಡ

ಅವರು ರೈತರು. ನಿಮ್ಮ ಕೈಯಲ್ಲಿರುವ ವೈನಿನ ದ್ರಾಕ್ಷಿ ಬೆಳೆದ ಜಮೀನು ಅವರದು. ಮಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ, ಬಹಳ ಒಳ್ಳೆ ಬಾಟಲಿ ಆರಿಸಿದ್ದಾನೆ.

ಒಂದೊಂದೇ ಬಿಡಿಸಿ ಹೇಳುತ್ತೇನೆ. ಬಾರ್ಬರೆಸ್ಕೊ ಅನ್ನುವುದು ಊರಿನ ಹೆಸರು, ವೈನಿನ ಹೆಸರೂ ಅದೇ. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಪಕ್ಕದಲ್ಲಿ, ತಾನರೊ ನದಿಯ ಮೇಲಿನ ಗುಡ್ಡದಲ್ಲಿ ಈ ಊರಿದೆ. ಸುತ್ತಲಿನ ಗುಡ್ಡಗಾಡಿಗೆ ಲಾಂಗೆ ಅಂತ ಹೆಸರು. ಬಾರ್ಬರೆಸ್ಕೊ, ನೈವೆ, ತ್ರೈಸೊ ಎಂಬ ಮೂರು ಊರು ಮತ್ತು ಆಲ್ಬಾದ ಒಂದು ಚೂರು ಜಾಗದಲ್ಲಿ ಬೆಳೆದ ನೆಬ್ಬಿಯೊಲೊ ದ್ರಾಕ್ಷಿಯಿಂದ ಮಾಡಿದ ವೈನಿಗೆ ಮಾತ್ರ ಈ ಹೆಸರು ಹಾಕಬಹುದು. ಬೇರೆ ತಳಿ ಒಂದು ಹಿಡಿ ಸೇರಿಸುವಂತಿಲ್ಲ. ‘ರಿಸೆರ್ವಾ’ ಅಂದರೆ ಜಾಸ್ತಿ ದಿನ ಮಾಗಿಸಿದ್ದು. ಸಾಧಾರಣ ಬಾರ್ಬರೆಸ್ಕೊ ಮಾರಾಟಕ್ಕೆ ಬರುವ ಮೊದಲು ಕನಿಷ್ಠ 26 ತಿಂಗಳು ಕಾಯಬೇಕು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಆದರೆ 50 ತಿಂಗಳು. ನಾಲ್ಕು ವರ್ಷ ದಾಟಿತು!

ಮೊಂತೆಸ್ತೆಫಾನೊ ಒಂದು ಇಳಿಜಾರಿನ ಹೆಸರು. ದಕ್ಷಿಣಕ್ಕೆ ಮುಖ ಮಾಡಿದ ಒಂದೇ ಒಂದು ಗುಡ್ಡದ ಮೈ. ನಿಮ್ಮ ಬಾಟಲಿಯ ವೈನ್ ಅಷ್ಟೂ ಅಲ್ಲಿನ ದ್ರಾಕ್ಷಿಯದೇ. ಪಕ್ಕದ ಗುಡ್ಡದ್ದು ಬೆರೆತಿಲ್ಲ.

ಈಗ ಆ ಹೆಸರುಗಳ ವಿಷಯ. ನನಗೆ ಬಹಳ ಪ್ರೀತಿಯ ಕಥೆ ಇದು, ಸ್ವಲ್ಪ ಉದ್ದ ಆಗುತ್ತದೆ.

ನೂರೈವತ್ತು ವರ್ಷದ ಹಿಂದೆ ಬಾರ್ಬರೆಸ್ಕೊ ಅನ್ನುವ ವೈನಿಗೆ ಹೆಸರೇ ಇರಲಿಲ್ಲ. ಊರಿನ ದ್ರಾಕ್ಷಿಯನ್ನು ಹೊರಗಿನವರು ಕೊಂಡು ಬರೋಲೊ ವೈನ್ ಮಾಡುತ್ತಿದ್ದರು. ಇಲ್ಲವೇ ಸುಮ್ನೆ ನೆಬ್ಬಿಯೊಲೊ ಅಂತ ಮಾರಾಟ ಆಗುತ್ತಿತ್ತು. ಬರೋಲೊ ಅಂದರೆ ಅದೇ ಲಾಂಗೆ ಗುಡ್ಡಗಳ ಇನ್ನೊಂದು ಬದಿಯ ಊರು, ಅದಾಗಲೇ ಹೆಸರು ಮಾಡಿತ್ತು. ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿತ್ಸಿಯೊ ಕವಾತ್ಸಾ ಇದನ್ನು ನೋಡಿದರು. ಬಾರ್ಬರೆಸ್ಕೊದ ಕೋಟೆ ಅವರದಾಗಿತ್ತು. 1894ರಲ್ಲಿ ಒಂಬತ್ತು ಬೆಳೆಗಾರರನ್ನು ಸೇರಿಸಿ ಆ ಕೋಟೆಯಲ್ಲೇ ಒಂದು ಸಹಕಾರ ಸಂಘ ಕಟ್ಟಿದರು. ಊರಿನ ವೈನಿಗೆ ಊರಿನ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಆಗ. ಮುಂದೆ ಫ್ಯಾಸಿಸ್ಟ್ ಸರ್ಕಾರದ ಕಾಲದಲ್ಲಿ ಆ ಸಂಘ ಮುಚ್ಚಿಹೋಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಊರು ಬರಿದಾಗತೊಡಗಿತು. ಗುಡ್ಡದ ಬೇಸಾಯದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಹುಡುಗರು ಟುರಿನ್‌ನ ಕಾರ್ಖಾನೆಗಳಿಗೆ ಹೊರಟರು. ಊರಿನ ಪಾದ್ರಿ ದೊನ್ ಫಿಯೊರಿನೊ ಮರೆಂಗೊ ಆಗ ಒಂದು ಮಾತು ಹಿಡಿದು ಕೂತರು: ಸಣ್ಣ ರೈತ ಒಬ್ಬನೇ ಉಳಿಯಲಾರ, ಕೂಡಿದರೆ ಉಳಿದಾನು. 1958ರಲ್ಲಿ 19 ಜನ ಸಣ್ಣ ಬೆಳೆಗಾರರು ಸೇರಿದರು. ಸಂಘದ ಹೆಸರು ಪ್ರೊದುತ್ತೊರಿ ದೆಲ್ ಬಾರ್ಬರೆಸ್ಕೊ, ಅಂದರೆ ಬಾರ್ಬರೆಸ್ಕೊದ ಉತ್ಪಾದಕರು. ವೈನ್ ಮಾಡಲು ಜಾಗ ಇರಲಿಲ್ಲ. ಮೊದಲ ಮೂರು ವರ್ಷದ ವೈನ್ ಚರ್ಚಿನ ನೆಲಮಾಳಿಗೆಯಲ್ಲೇ ಆಯಿತು. ಆಮೇಲೆ ಚೌಕದ ಇನ್ನೊಂದು ಬದಿಗೆ ತಮ್ಮದೇ ಕಟ್ಟಡ ಕಟ್ಟಿದರು. ಈಗಲೂ ಅಲ್ಲೇ ಇದ್ದಾರೆ. ಇವತ್ತು ಐವತ್ತರ ಆಸುಪಾಸು ಕುಟುಂಬಗಳು, ನೂರು ಹೆಕ್ಟೇರ್‌ಗಿಂತ ಜಾಸ್ತಿ ತೋಟ.

ನಿಯಮ ಸರಳ. ಸದಸ್ಯರಾದವರು ತಮ್ಮ ನೆಬ್ಬಿಯೊಲೊ ಪೂರ್ತಿ ಸಂಘಕ್ಕೇ ಕೊಡಬೇಕು. ಒಳ್ಳೆಯದನ್ನು ಹೊರಗೆ ಮಾರಿ ಉಳಿದದ್ದನ್ನು ಇಲ್ಲಿಗೆ ಸುರಿಯುವ ಹಾಗಿಲ್ಲ. ಹಣ್ಣಿನ ಗುಣ ನೋಡಿ ದುಡ್ಡು. ಸುಗ್ಗಿಯಲ್ಲಿ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ, ಒಬ್ಬೊಬ್ಬರ ದ್ರಾಕ್ಷಿಯ ಸಿಹಿ ಅಳೆಯುತ್ತಾರೆ. ಆ ಸಾಲಿನಲ್ಲಿ ನಾನೂ ಎಷ್ಟೋ ಸಂಜೆ ನಿಂತಿದ್ದೇನೆ. ಅಳತೆ ಬರುವವರೆಗೆ ಯಾರೂ ಮಾತಾಡುವುದಿಲ್ಲ. ಬಂದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ.

1967ರಿಂದ ಈ ಸಂಘ ಒಂದೊಂದು ಇಳಿಜಾರಿನ ವೈನನ್ನು ಬೇರೆ ಬೇರೆಯಾಗಿ ತುಂಬಲು ಶುರು ಮಾಡಿತು. ಈಗ ಒಂಬತ್ತು ಇಳಿಜಾರುಗಳಿವೆ: ಅಸಿಲಿ, ರಬಯಾ, ಪೊರಾ, ಒವೆಲ್ಲೊ, ಪಾಯೆ, ಮೊಂತೆಫಿಕೊ, ಮೊಂತೆಸ್ತೆಫಾನೊ, ಮುಂಕಗೋತಾ, ರಿಯೊ ಸೋರ್ದೊ. ಆ ಇಳಿಜಾರಿನಲ್ಲಿ ಯಾರ ಯಾರ ಜಮೀನಿದೆಯೋ ಅವರ ಹೆಸರು ಬಾಟಲಿಯ ಹಿಂದೆ ಅಚ್ಚಾಗುತ್ತದೆ. ಒಟ್ಟು ಎಷ್ಟು ಬಾಟಲಿ ಆಯಿತು ಅನ್ನುವುದನ್ನೂ ಹಾಕುತ್ತಾರೆ. ನಿಮ್ಮದರಲ್ಲೂ ಇರುತ್ತದೆ, ನೋಡಿ.

ನಮ್ಮಪ್ಪ ತಿಕೋಟಾದ ಹತ್ತಿರ ಮೂವತ್ತು ವರ್ಷ ದ್ರಾಕ್ಷಿ ಪಡ ಮಾಡಿದವರು. ನಮ್ಮ ಒಣದ್ರಾಕ್ಷಿ ಗಡಿಯಾಚೆಯ ಪೇಟೆಗೆ ಹೋಗುತ್ತಿತ್ತು. ಚೀಲ ಬದಲಾಗಿ ಮತ್ತೆ ನಮ್ಮ ರಾಜ್ಯದ ಅಂಗಡಿಗಳಿಗೇ ಬೇರೆ ಊರಿನ ಹೆಸರಿನಲ್ಲಿ ಬರುತ್ತಿತ್ತು. ಅಪ್ಪನ ಹೆಸರಿರಲಿ, ಊರಿನ ಹೆಸರೂ ಎಲ್ಲೂ ಇರುತ್ತಿರಲಿಲ್ಲ. ಬಾರ್ಬರೆಸ್ಕೊದಲ್ಲಿ ಮೊದಲ ಸಲ ಆ ಹಿಂದಿನ ಚೀಟಿ ಓದಿದಾಗ ನನಗೆ ಗಂಟಲು ಕಟ್ಟಿತು.

ಪ್ರಶ್ನೆ: ಒಂದು ಗುಡ್ಡಕ್ಕೂ ಪಕ್ಕದ ಗುಡ್ಡಕ್ಕೂ ಅಷ್ಟೊಂದು ವ್ಯತ್ಯಾಸ ಇರಲು ಸಾಧ್ಯವೇ? ಬೆಲೆ ಏರಿಸಲು ಮಾಡಿದ ಉಪಾಯ ಅನಿಸುವುದಿಲ್ಲವೇ? ತಳಿಯೂ ಒಂದೇ, ಮಾಡುವವರೂ ಅವರೇ.
– ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ನನಗೂ ಮೊದಲು ಈ ಅನುಮಾನ ಇತ್ತು. ಅದು ಹೋದದ್ದು ಒಂದು ಜನವರಿ ಬೆಳಿಗ್ಗೆ.

ಹಿಂದಿನ ದಿನ ಚೆನ್ನಾಗಿ ಹಿಮ ಬಿದ್ದಿತ್ತು. ಎಲ್ಲ ಗುಡ್ಡವೂ ಬೆಳ್ಳಗೆ. ನಾನಿದ್ದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರು ನನ್ನನ್ನು ಅಂಗಳಕ್ಕೆ ಕರೆದರು. ಹತ್ತೂವರೆ ಗಂಟೆ ಇರಬಹುದು. ಎದುರಿನ ಗುಡ್ಡದ ದಕ್ಷಿಣದ ಮೈಯಲ್ಲಿ ಒಂದು ಪಟ್ಟಿ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು, ಮಣ್ಣು ಕಾಣುತ್ತಿತ್ತು. ಉಳಿದದ್ದೆಲ್ಲ ಇನ್ನೂ ಬಿಳಿ. ಅವರು ಕೈ ತೋರಿಸಿ “ಸೊರಿ” ಅಂದರು. ಪಿಯೆಮೊಂಟೆಯ ಆಡುಮಾತಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣದ ಇಳಿಜಾರಿಗೆ ಹಾಗೆ ಹೇಳುತ್ತಾರೆ. ಹಿಮ ಎಲ್ಲಿ ಮೊದಲು ಕರಗುತ್ತದೋ ಅಲ್ಲಿ ನೆಬ್ಬಿಯೊಲೊ ನೆಡು ಅನ್ನುವುದು ಅಲ್ಲಿನ ಹಿರಿಯರ ಲೆಕ್ಕ. ಸ್ವಲ್ಪ ತಂಪು ಜಾಗಕ್ಕೆ ಬಾರ್ಬೆರಾ, ದೊಲ್ಚೆತ್ತೊ ತಳಿಗಳು. ಉತ್ತರದ ಮೈಗೆ ಹೇಜಲ್‌ನಟ್ ಗಿಡ, ಇಲ್ಲವೇ ಕಾಡು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಹಿಮವೇ ಅವರಿಗೆ ನಕ್ಷೆ ಬರೆದುಕೊಟ್ಟಿತ್ತು.

ನೆಬ್ಬಿಯೊಲೊಗೆ ಯಾಕೆ ಇಷ್ಟು ಉಪಚಾರ? ಅದು ಬೇಗ ಚಿಗುರುತ್ತದೆ, ಬಹಳ ತಡವಾಗಿ ಹಣ್ಣಾಗುತ್ತದೆ. ಹಿಂದೆಲ್ಲ ಕೊಯ್ಲು ಅಕ್ಟೋಬರ್ ಅರ್ಧ ದಾಟಿದ ಮೇಲೆಯೇ. ಆ ಹೊತ್ತಿಗೆ ಕಣಿವೆಯಲ್ಲಿ ಮಂಜು ತುಂಬಿರುತ್ತದೆ. ಮಂಜಿಗೆ ಇಟಾಲಿಯನ್‌ನಲ್ಲಿ ನೆಬ್ಬಿಯಾ. ತಳಿಯ ಹೆಸರು ಅದರಿಂದಲೇ ಬಂತು ಅಂತ ಜನ ಹೇಳುತ್ತಾರೆ. ಈ ತಳಿಯ ಉಲ್ಲೇಖ 1266ರಷ್ಟು ಹಿಂದೆಯೇ ಟುರಿನ್ ಬಳಿಯ ರಿವೊಲಿಯ ದಾಖಲೆಯಲ್ಲಿ ಸಿಗುತ್ತದೆ. ಇಷ್ಟು ತಡವಾಗಿ ಮಾಗುವ ಹಣ್ಣಿಗೆ ಕೊನೆಯ ಎರಡು ವಾರದ ಬಿಸಿಲು ಚಿನ್ನ ಇದ್ದ ಹಾಗೆ. ಇಳಿಜಾರಿನ ಮುಖ ಒಂಚೂರು ತಿರುಗಿದರೂ ಆ ಬಿಸಿಲು ತಪ್ಪುತ್ತದೆ.

ಎರಡನೆಯದು ಮಣ್ಣು. ಆ ಗುಡ್ಡಗಳು ಸುಮಾರು ಒಂದು ಕೋಟಿ ವರ್ಷದ ಹಿಂದೆ ಸಮುದ್ರದ ತಳ. ಬೂದು ನೀಲಿ ಬಣ್ಣದ, ಸುಣ್ಣ ಬೆರೆತ ಜೇಡಿ ಮಣ್ಣು. ಒದ್ದೆ ಇದ್ದಾಗ ಬೂಟಿಗೆ ಕೆಜಿಗಟ್ಟಲೆ ಅಂಟುತ್ತದೆ, ಒಣಗಿದರೆ ಕೈಯಲ್ಲೇ ಪುಡಿಯಾಗುತ್ತದೆ. ಅಗೆಯುವಾಗ ಒಮ್ಮೊಮ್ಮೆ ಹಳೆಯ ಕಪ್ಪೆಚಿಪ್ಪು ಸಿಗುತ್ತದೆ. ಸುಣ್ಣ ಎಲ್ಲಿ ಜಾಸ್ತಿ, ಜೇಡಿ ಎಲ್ಲಿ ಜಾಸ್ತಿ, ಮರಳು ಎಲ್ಲಿ ಸೇರಿದೆ ಅನ್ನುವುದು ನೂರು ಹೆಜ್ಜೆಗೆ ಬದಲಾಗುತ್ತದೆ.

ರುಚಿಯಲ್ಲಿ ಇದು ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ. ಪೊರಾ ನದಿಗೆ ಹತ್ತಿರ, ಅದರ ವೈನ್ ಬೇಗ ಮೆತ್ತಗಾಗುತ್ತದೆ. ಅಸಿಲಿ ನಯ, ಘಮ ಮುಂದು. ಮೊಂತೆಸ್ತೆಫಾನೊ ಗಟ್ಟಿ ಮನುಷ್ಯ. ‘ಬಾರ್ಬರೆಸ್ಕೊದೊಳಗಿನ ಬರೋಲೊ’ ಅಂತ ಅದಕ್ಕೆ ಅಡ್ಡಹೆಸರು. ಒಂದೇ ಸಂಘ, ಒಂದೇ ಕೈ, ಒಂದೇ ಥರದ ಪೀಪಾಯಿ ಆಗಿರುವುದರಿಂದಲೇ ವ್ಯತ್ಯಾಸ ನಂಬಬಹುದು, ಅಲ್ವಾ? ಬೇರೆ ಬೇರೆ ಜನ ಮಾಡಿದ್ದರೆ ಅದು ಕೈಚಳಕ ಅನ್ನಬಹುದಿತ್ತು. ನಿಮ್ಮ ಅನುಮಾನಕ್ಕೆ ನೀವೇ ಕೊಟ್ಟ ಕಾರಣ ನನ್ನ ಉತ್ತರವೂ ಹೌದು.

ಬೆಲೆಯ ಮಾತು ನಿಜ. ಇಳಿಜಾರಿನ ಹೆಸರಿಗೆ ಈಗ ಭಾರಿ ದುಡ್ಡಿದೆ. ಬಾರ್ಬರೆಸ್ಕೊದಲ್ಲೇ ವೈನ್ ಮಾಡುವ ಆಂಜೆಲೊ ಗಾಯಾ ಅವರ ಮನೆತನ 1964ರಲ್ಲಿ ಆಲ್ಬಾದ ಚರ್ಚಿನಿಂದ ಒಂದು ಇಳಿಜಾರು ಕೊಂಡು, 1967ರ ಬೆಳೆಯಿಂದ ‘ಸೊರಿ ಸಾನ್ ಲೊರೆಂತ್ಸೊ’ ಅಂತ ಬಾಟಲಿ ತಂದಿತು. ಜಗತ್ತು ಬಾರ್ಬರೆಸ್ಕೊ ಕಡೆ ತಿರುಗಿ ನೋಡಿದ್ದರಲ್ಲಿ ಆ ಮನೆತನದ ಪಾಲು ದೊಡ್ಡದು. ಇವತ್ತು ಆ ಬಾಟಲಿ ನನ್ನಂಥವರ ಕೈಗೆ ಎಟಕುವುದಿಲ್ಲ. ಹೆಸರುಗಳ ದುರುಪಯೋಗ ಆಗಬಾರದು ಅಂತ 2007ರಲ್ಲಿ ಬಾರ್ಬರೆಸ್ಕೊದ 66 ಜಾಗಗಳ ಗಡಿ ಗುರುತಿಸಿ ಕಾನೂನಿನಲ್ಲಿ ಸೇರಿಸಿದರು. 2010ರಲ್ಲಿ ಬರೋಲೊದಲ್ಲೂ ಹಾಗೇ ಮಾಡಿದರು.

ಇದನ್ನು ಒಪ್ಪದ ದೊಡ್ಡವರೂ ಇದ್ದರು, ಅದನ್ನೂ ಹೇಳಬೇಕು. ಬರೋಲೊದ ಬಾರ್ತೊಲೊ ಮಸ್ಕರೆಲ್ಲೊ 2005ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ನಾಲ್ಕು ತೋಟದ ದ್ರಾಕ್ಷಿಯನ್ನು ಸೇರಿಸಿಯೇ ವೈನ್ ಮಾಡಿದರು. ಅವುಗಳಲ್ಲಿ ಕನ್ನೂಬಿ ಅನ್ನುವುದು ಆ ಸೀಮೆಯ ಅತಿ ಪ್ರಸಿದ್ಧ ಇಳಿಜಾರು. ಆದರೂ ಅದನ್ನು ಬೇರೆ ಮಾಡಿ ಮಾರಲಿಲ್ಲ. ಒಂದು ಗುಡ್ಡದಲ್ಲಿ ಕಡಿಮೆಯಾದದ್ದನ್ನು ಇನ್ನೊಂದು ತುಂಬಿಕೊಡುತ್ತದೆ ಅನ್ನುವುದು ಹಳಬರ ದಾರಿ. ಆ ವೈನ್ ಒಮ್ಮೆ ಮಾತ್ರ ಅರ್ಧ ಲೋಟ ಕುಡಿದಿದ್ದೇನೆ. ಅದಕ್ಕೆ ಎದುರು ವಾದಿಸಲು ನನ್ನಲ್ಲಿ ಏನೂ ಇಲ್ಲ.

ಒಂದು ಉಪಯುಕ್ತ ಮಾತು. ಸಂಘದವರು ಒಂಬತ್ತು ಇಳಿಜಾರಿನ ವೈನನ್ನು ಬೇರೆ ಮಾಡುವುದು ಒಳ್ಳೆ ವರ್ಷಗಳಲ್ಲಿ ಮಾತ್ರ. ಮಳೆ, ಬಿಸಿಲು ಕೈಕೊಟ್ಟ ವರ್ಷ ಅಷ್ಟನ್ನೂ ಸಾಧಾರಣ ಬಾರ್ಬರೆಸ್ಕೊಗೆ ಸೇರಿಸುತ್ತಾರೆ. ಅಂಥ ವರ್ಷದ ಸಾಧಾರಣ ಬಾಟಲಿಯಲ್ಲಿ ಅಸಿಲಿ, ರಬಯಾ ಎಲ್ಲ ಇರುತ್ತವೆ, ದುಡ್ಡು ಮಾತ್ರ ಕಡಿಮೆ.

ಪ್ರಶ್ನೆ: ಹೊರದೇಶದಲ್ಲಿರುವ ಸಂಬಂಧಿಕರ ಮನೆಯಲ್ಲಿ ಬಾರ್ಬರೆಸ್ಕೊ ಕುಡಿದೆ. ಬಣ್ಣ ತೆಳ್ಳಗೆ, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಬಾಯಿಗೆ ಹಸಿ ಅಡಿಕೆ ಜಗಿದ ಹಾಗಾಯಿತು. ತಳದಲ್ಲಿ ಗಸಿಯೂ ಇತ್ತು. ಕೆಟ್ಟಿತ್ತೇ?
– ಒಬ್ಬ ಓದುಗರು, ಪುತ್ತೂರು

ಕೆಟ್ಟಿರಲಿಲ್ಲ. ನೀವು ಹೇಳಿದ ಮೂರೂ ಅದರ ಸಹಜ ಗುಣ. ಹಸಿ ಅಡಿಕೆ ಅಂದಿರಿ ನೋಡಿ, ಅದಕ್ಕಿಂತ ಸರಿಯಾದ ಮಾತು ನಾನು ಇಟಲಿಯಲ್ಲೂ ಕೇಳಿಲ್ಲ.

ನಮ್ಮ ಭಾಷೆಯಲ್ಲಿ ಒಗರು ಅನ್ನುವ ಮಾತಿದೆ. ಬಾಳೆಕಾಯಿ, ನೇರಳೆ, ಗೇರುಹಣ್ಣು, ಅಡಿಕೆ ತಿಂದು ಬೆಳೆದ ನಮಗೆ ಅದನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್ ಅನ್ನುವ ಪದಾರ್ಥ ನಮ್ಮ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರು ಹೋಗುತ್ತದೆ, ನಾಲಿಗೆ ಒಣಗಿದ ಹಾಗಾಗುತ್ತದೆ. ಅದೇ ಒಗರು. ನೆಬ್ಬಿಯೊಲೊದಲ್ಲಿ ಒಗರು ಬಹಳ, ಹುಳಿಯೂ ಬಹಳ, ಬಣ್ಣ ಮಾತ್ರ ಕಡಿಮೆ. ಅದರ ಸಿಪ್ಪೆಯ ಬಣ್ಣ ಬಾಳಿಕೆ ಬರುವಂಥದ್ದಲ್ಲ. ಕೆಲವೇ ವರ್ಷಕ್ಕೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಪ್ಪಗಿದ್ದರೆ ಗಟ್ಟಿ, ತೆಳ್ಳಗಿದ್ದರೆ ನೀರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಾಲ ಕಳೆದ ಹಾಗೆ ಆ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿಕೊಂಡು ಭಾರವಾಗುತ್ತವೆ, ಬಣ್ಣದ ಜೊತೆ ತಳಕ್ಕೆ ಇಳಿಯುತ್ತವೆ. ನೀವು ಕಂಡ ಗಸಿ ಅದೇ. ಒಗರು ಮೆತ್ತಗಾದ ಮೇಲೆ ಹಿಂದೆ ಅಡಗಿದ್ದ ಘಮ ಮುಂದೆ ಬರುತ್ತದೆ. ಒಣಗಿದ ಗುಲಾಬಿ ಎಸಳು, ಮಳೆ ಬಿದ್ದ ಮಣ್ಣು, ಒಂದು ಎಳೆ ಡಾಂಬರು. ಡಾಂಬರು ಅಂದರೆ ಮುಖ ಸಿಂಡರಿಸಬೇಡಿ. ಹೊಸ ರಸ್ತೆ ಹಾಕುವಾಗ ದೂರದಿಂದ ಬರುತ್ತದಲ್ಲ, ಆ ವಾಸನೆ. ಗುಲಾಬಿಯ ಜೊತೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಬರಿ ಹೊಟ್ಟೆಯಲ್ಲಿ ಕುಡಿದರೆ ಒಗರು ಇನ್ನೂ ಹೊಡೆಯುತ್ತದೆ. ಬೆಣ್ಣೆ, ಗಟ್ಟಿ ಚೀಸ್, ಅಣಬೆ ಹೊಂದುತ್ತವೆ. ಲಾಂಗೆಯಲ್ಲಿ ತಯರಿನ್ ಅಂತ ಮೊಟ್ಟೆಯ ಹಳದಿ ಭಾಗ ಹಾಕಿ ಮಾಡಿದ ಸಣ್ಣ ಶಾವಿಗೆಯಂಥದ್ದನ್ನು ಬೆಣ್ಣೆಯಲ್ಲಿ ಕಲಸಿ ಕೊಡುತ್ತಾರೆ. ನಮ್ಮ ಎಣ್ಣೆಗಾಯಿ, ಖಾರದ ಪಲ್ಯದ ಜೊತೆ ಬೇಡ. ಮೆಣಸಿನಕಾಯಿಯ ಉರಿ ಮತ್ತು ಒಗರು ಸೇರಿದರೆ ಎರಡೂ ಹೆಚ್ಚುತ್ತವೆ. ನಾನು ಪ್ರಯತ್ನಪಟ್ಟು ಕೈಬಿಟ್ಟಿದ್ದೇನೆ.

ಪ್ರಶ್ನೆ: ನನ್ನದು ನಾಲ್ಕು ಎಕರೆ ದ್ರಾಕ್ಷಿ. ಈ ನೆಬ್ಬಿಯೊಲೊ ತಳಿಯನ್ನು ನಮ್ಮ ಕಡೆ ಹಾಕಬಹುದೇ?
– ದ್ರಾಕ್ಷಿ ಬೆಳೆಗಾರರು, ಬಬಲೇಶ್ವರ

ಅಣ್ಣಾರೆ, ನಮ್ಮೂರ ಪಕ್ಕದವರು ನೀವು, ನೇರವಾಗಿ ಹೇಳುತ್ತೇನೆ. ಹಾಕಬೇಡಿ.

ಅಲ್ಲಿ ಬಳ್ಳಿ ಮಲಗುತ್ತದೆ. ನವೆಂಬರ್‌ನಲ್ಲಿ ಎಲೆ ಉದುರಿಸಿದ ಬಳ್ಳಿ ಚಳಿಯಲ್ಲಿ ಮೂರು ನಾಲ್ಕು ತಿಂಗಳು ನಿದ್ದೆ ಮಾಡಿ ವಸಂತದಲ್ಲಿ ಏಳುತ್ತದೆ. ಅವರಿಗೆ ವರ್ಷಕ್ಕೆ ಒಂದೇ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಅದೂ ಚಳಿಗಾಲದಲ್ಲಿ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು ಸಲ ನಾವೇ ಕತ್ತರಿಸಿ ಎಬ್ಬಿಸುತ್ತೇವೆ. ಅವರ ಹಣ್ಣು ಮಾಗುವಾಗ ದಿನದಿಂದ ದಿನಕ್ಕೆ ತಂಪು ಏರುತ್ತದೆ, ನಮ್ಮದು ಮಾಗುವಾಗ ಬಿಸಿಲು ಏರುತ್ತದೆ. ನೆಬ್ಬಿಯೊಲೊ ತನ್ನ ಸೀಮೆ ಬಿಟ್ಟು ಹೊರಗೆ ಸುಲಭಕ್ಕೆ ಒಗ್ಗದ ತಳಿ. ತಂಪು ದೇಶಗಳಲ್ಲೇ ಎಷ್ಟೋ ಜನ ಹಾಕಿ ಸೋತಿದ್ದಾರೆ. ವೈನಿಗೇ ಬೆಳೆಯಬೇಕು ಅಂತಿದ್ದರೆ ನಂದಿ ಬೆಟ್ಟದ ಕಡೆ, ನಮ್ಮ ಕೃಷ್ಣಾ ಕಣಿವೆಯಲ್ಲಿ ನೆಲೆ ನಿಂತಿರುವ ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್, ಶೆನಿನ್ ಬ್ಲಾಂಕ್ ನೋಡಿ. ಅದಕ್ಕೂ ಮೊದಲು ಕೊಳ್ಳುವವರ ಜೊತೆ ಕರಾರು ಮಾಡಿಕೊಳ್ಳಿ. ವೈನ್ ದ್ರಾಕ್ಷಿ ಕೊಯ್ದ ಮೇಲೆ ಗಿರಾಕಿ ಹುಡುಕಿದರೆ ಅದು ತಿನ್ನಲೂ ನಡೆಯದು, ಒಣಗಿಸಲೂ ನಡೆಯದು.

ಆದರೆ ಒಂದೆರಡು ವಿಷಯ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ನೆಬ್ಬಿಯೊಲೊ ಕಡ್ಡಿಯ ಬುಡದ ಎರಡು ಮೂರು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಬಂಜೆ, ಗೊನೆ ಬಿಡುವುದಿಲ್ಲ. ಅದಕ್ಕೇ ಕಡ್ಡಿಯನ್ನು ಉದ್ದ ಬಿಟ್ಟು ತಂತಿಗೆ ಬಗ್ಗಿಸಿ ಕಟ್ಟುತ್ತಾರೆ. ನಮ್ಮ ಥಾಮ್ಸನ್ ತಳಿಯಲ್ಲೂ ಬುಡದ ಕಣ್ಣುಗಳದ್ದು ಹೆಚ್ಚುಕಡಿಮೆ ಅದೇ ಕಥೆ ಅಲ್ವಾ? ಮೊದಲ ದಿನ ಕತ್ತರಿ ಕೊಟ್ಟಾಗ ನಾನು ಕಣ್ಣು ಎಣಿಸಿ ಉದ್ದ ಬಿಟ್ಟೆ. ಯಜಮಾನರು ನನ್ನ ಮುಖ ನೋಡಿದರು, ಯಾರು ಕಲಿಸಿದರು ಅಂತ ಕೇಳಿದರು. ನಮ್ಮಪ್ಪ ಅಂದೆ. ಇನ್ನೊಂದು ವಿಷಯ: ನೀವು ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡುತ್ತೀರಿ, ಅದು ಅಮೆರಿಕದ ಕಾಡು ದ್ರಾಕ್ಷಿಯ ಬೇರು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಹುಳು ಯುರೋಪಿನ ತೋಟಗಳ ಬೇರು ತಿಂದ ಮೇಲೆ ಅವರೂ ಅಮೆರಿಕದ ಬೇರಿಗೇ ಕಸಿ ಕಟ್ಟಬೇಕಾಯಿತು. ಅವರ ಬಳ್ಳಿಯೂ ನಿಮ್ಮ ಬಳ್ಳಿಯೂ ಒಂದೇ ಖಂಡದ ಕಾಲ ಮೇಲೆ ನಿಂತಿವೆ.

ಹವಾಮಾನ ಅವರನ್ನೂ ಕಾಡುತ್ತಿದೆ. ಕೊಯ್ಲು ಈಗ ಎಷ್ಟೋ ವರ್ಷ ಸೆಪ್ಟೆಂಬರ್ ಕೊನೆಗೇ ಶುರುವಾಗುತ್ತದೆ. ಹಿಂದೆ ಯಾರಿಗೂ ಬೇಡವಾಗಿದ್ದ ತಂಪು ಇಳಿಜಾರುಗಳನ್ನು ಈಗಿನ ಹುಡುಗರು ಹೊಸ ಕಣ್ಣಿನಿಂದ ನೋಡುತ್ತಿದ್ದಾರೆ.

ಪ್ರಶ್ನೆ: ಬರೋಲೊ, ಬಾರ್ಬರೆಸ್ಕೊ ಎರಡರಲ್ಲಿ ಯಾವುದು ಮೇಲು?
– ವಿದ್ಯಾರ್ಥಿ, ಮಂಗಳೂರು

ತಳಿ ಒಂದೇ. ಬಾರ್ಬರೆಸ್ಕೊ ಸ್ವಲ್ಪ ತಗ್ಗು, ನದಿಗೆ ಹತ್ತಿರ, ಬೇಗ ಮಾಗುತ್ತದೆ. ಬರೋಲೊ ಕನಿಷ್ಠ 38 ತಿಂಗಳು ಕಾಯಬೇಕು, ಇದಕ್ಕೆ 26 ಸಾಕು. ಮೇಲು ಕೀಳು ಹೇಳಲಾರೆ. ನಾನು ಬಾರ್ಬರೆಸ್ಕೊದ ಅನ್ನ ತಿಂದವಳು.

ಪ್ರಶ್ನೆ: ಒಂದು ಬಾಟಲಿ ಉಡುಗೊರೆ ಬಂದಿದೆ. ಹಳೆಯದಾದಷ್ಟೂ ಒಳ್ಳೆಯದು ಅಂತಾರೆ. ಮಗಳ ಮದುವೆಯವರೆಗೆ, ಅಂದರೆ ಹತ್ತು ವರ್ಷ ಇಡಬಹುದೇ?
– ಒಬ್ಬ ತಾಯಿ, ಬೆಂಗಳೂರು

ವೈನಿಗೆ ಆ ಶಕ್ತಿ ಇದೆ. ಒಳ್ಳೆ ವರ್ಷದ, ಉದಾಹರಣೆಗೆ 2016ರ ರಿಸೆರ್ವಾ ಇಪ್ಪತ್ತು ವರ್ಷವೂ ಬಾಳುತ್ತದೆ. ಪ್ರಶ್ನೆ ನಿಮ್ಮ ಮನೆಯದು. 12ರಿಂದ 15 ಡಿಗ್ರಿ ತಂಪು, ಕತ್ತಲು, ಅಲುಗಾಡದ ಜಾಗ ಬೇಕು. ಬಿರಡೆ ಒಣಗದ ಹಾಗೆ ಬಾಟಲಿ ಮಲಗಿಸಿರಬೇಕು. ಬೆಂಗಳೂರಿನಲ್ಲೂ ಏಪ್ರಿಲ್ ತಿಂಗಳ ಕೋಣೆ ಇದಕ್ಕೆ ಎರಡರಷ್ಟು ಬಿಸಿ.

ನನ್ನ ಅನುಭವ ಹೇಳುತ್ತೇನೆ. ಊರಿಗೆ ಹೊರಟಾಗ ಆ ಮನೆಯವರು ನನಗೆ ಒಂದು ಮೊಂತೆಸ್ತೆಫಾನೊ ಕೊಟ್ಟಿದ್ದರು. ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ತೆಗೆಯೋಣ ಅಂತ ತಿಕೋಟಾ ಮನೆಯ ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟೆ. ಆ ಬೇಸಿಗೆ 42 ಡಿಗ್ರಿ ದಾಟಿತು. ತೆಗೆಯುವ ದಿನ ನೋಡಿದರೆ ಬಿರಡೆ ಒಂದು ಬೆರಳು ಮೇಲೆ ಬಂದಿತ್ತು, ಬಟ್ಟೆಯಲ್ಲಿ ಕಲೆ. ಒಳಗಿನದು ಬೇಯಿಸಿದ ಜಾಮ್ ನೀರಿನ ಹಾಗಿತ್ತು. ಅಪ್ಪ ಒಂದು ಗುಟುಕು ಕುಡಿದು “ಇರಲಿ ಬಿಡವ್ವ” ಅಂದರು. ಹಿಂದಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಅದರಲ್ಲಿದ್ದ ಹೆಸರುಗಳನ್ನು ನನ್ನಿಂದ ಓದಿಸಿ ಕೇಳಿದರು. ಆ ಚೀಟಿ ಈಗಲೂ ಅವರ ಕಪಾಟಿನಲ್ಲಿದೆ. ಇಂಥ ಬಾಟಲಿಯನ್ನು ಅಟ್ಟಕ್ಕೆ ಹಾಕಿದ್ದಕ್ಕೆ ನನಗೆ ಇನ್ನೂ ಬೇಜಾರಿದೆ.

ಹಾಗಾಗಿ ನನ್ನ ಮಾತು: ವೈನ್ ಇಡುವ ವಿಶೇಷ ಫ್ರಿಜ್ ಇದ್ದರೆ ಹತ್ತು ವರ್ಷ ಇಡಿ. ಇಲ್ಲದಿದ್ದರೆ ಮನೆಯ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಮಲಗಿಸಿಟ್ಟು ಒಂದು ವರ್ಷದೊಳಗೆ ತೆಗೆಯಿರಿ. ಕುಡಿಯುವ ಒಂದೂವರೆ ಗಂಟೆ ಮೊದಲು ಹೊರಗಿಟ್ಟು ಬಿರಡೆ ತೆಗೆಯಿರಿ. ಮಗಳ ಮದುವೆಗೆ ಕಾಯಬೇಡಿ, ಮುಂದಿನ ಹಬ್ಬಕ್ಕೆ ಅವಳ ಜೊತೆಗೇ ಕೂತು ತೆಗೆಯಿರಿ, ಅವಳಿಗೆ ಕುಡಿಯುವ ವಯಸ್ಸಾಗಿದ್ದರೆ.

ಪ್ರಶ್ನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ, ನಿಜವೇ? ನಾವು ಸಸ್ಯಾಹಾರಿಗಳು, ಕುಡಿಯಬಹುದೇ?
– ದಂಪತಿ, ಶಿವಮೊಗ್ಗ

ಆರೋಗ್ಯಕ್ಕೆ ಅಂತ ಶುರು ಮಾಡಲೇಬೇಡಿ. ಇಂತಿಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕುಡಿಯುವ ಅಭ್ಯಾಸ ಇಲ್ಲದಿದ್ದರೆ ಹಾಗೇ ಇರಿ, ಏನೂ ಕಳೆದುಕೊಂಡಿಲ್ಲ. ಸಸ್ಯಾಹಾರದ ಪ್ರಶ್ನೆ ಒಳ್ಳೆಯದು. ವೈನ್ ತಿಳಿ ಮಾಡಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜೆಲಟಿನ್ ಬಳಸುತ್ತಾರೆ. ಆಮೇಲೆ ಅದನ್ನು ತೆಗೆದುಬಿಡುತ್ತಾರಾದರೂ ನಿಮಗೆ ಒಪ್ಪಿಗೆಯೇ ಅನ್ನುವುದು ನಿಮ್ಮ ತೀರ್ಮಾನ. ಬಾಟಲಿಯ ಮೇಲೆ ‘ವೀಗನ್’ ಗುರುತು ಹುಡುಕಿ.

ಪ್ರಶ್ನೆ: ಮುಂದಿನ ವರ್ಷ ಇಟಲಿ ಪ್ರವಾಸ ಇದೆ. ಬಾರ್ಬರೆಸ್ಕೊ ನೋಡಬೇಕು ಅನಿಸಿದೆ. ಯಾವಾಗ, ಹೇಗೆ?
– ಒಬ್ಬ ಓದುಗರು, ಹುಬ್ಬಳ್ಳಿ

ಟುರಿನ್‌ನಿಂದ ಆಲ್ಬಾಗೆ ರೈಲಿದೆ. ಅಲ್ಲಿಂದ ಬಸ್ಸು ಕಡಿಮೆ, ಟ್ಯಾಕ್ಸಿ ಹಿಡಿಯಿರಿ. ಕಾಲು ಗಟ್ಟಿ ಇದ್ದರೆ ತೋಟಗಳ ನಡುವಿನ ದಾರಿಯಲ್ಲಿ ನಡೆದೇ ಹೋಗಬಹುದು. ಈ ಗುಡ್ಡಗಳ ಭೂದೃಶ್ಯ 2014ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ಆಲ್ಬಾದಲ್ಲಿ ಬಿಳಿ ಟ್ರಫಲ್ ಅಣಬೆಯ ಜಾತ್ರೆ. ಎಲ್ಲರೂ ಆಗಲೇ ಹೋಗುತ್ತಾರೆ, ಕೋಣೆಯ ಬಾಡಿಗೆ ಏರಿರುತ್ತದೆ.

ನನ್ನನ್ನು ಕೇಳಿದರೆ ಜನವರಿ ಕೊನೆಗೆ ಹೋಗಿ. ಊರು ಖಾಲಿ, ತೋಟದಲ್ಲಿ ಚಾಟ್ನಿ ನಡೆದಿರುತ್ತದೆ. ಊರ ತುದಿಯಲ್ಲಿ ಎತ್ತರದ ಹಳೆ ಕಾವಲು ಗೋಪುರ ಇದೆ, ಕೆಳಗೆ ತಾನರೊ ಹರಿಯುತ್ತದೆ. ಸಾನ್ ದೊನಾತೊ ಅನ್ನುವ ಹಳೆ ಚರ್ಚಿನಲ್ಲಿ ಈಗ ಪೂಜೆ ಇಲ್ಲ, ಊರಿನವರ ವೈನುಗಳನ್ನೆಲ್ಲ ಒಂದೇ ಕಡೆ ಇಟ್ಟಿದ್ದಾರೆ. ಲೋಟದ ಲೆಕ್ಕದಲ್ಲಿ ರುಚಿ ನೋಡಬಹುದು. ಆ ಕಾಲದಲ್ಲಿ ಕೆಲವು ಕಡೆ ಬಾಗಿಲು ಮುಚ್ಚಿರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಹಿಮ ಬಿದ್ದ ಮರುದಿನ ಸಿಕ್ಕಿತೋ, ಬೆಳಿಗ್ಗೆ ಒಂಬತ್ತಕ್ಕೇ ಊರ ಹೊರಗೆ ಬಂದು ಗುಡ್ಡಗಳ ಕಡೆ ಮುಖ ಮಾಡಿ ನಿಲ್ಲಿ. ದಪ್ಪ ಕಾಲುಚೀಲ ಹಾಕಿಕೊಳ್ಳಿ. ಹನ್ನೊಂದರವರೆಗೆ ಕಾಯಬೇಕಾಗುತ್ತದೆ.